ನಂಜಿನ ಉಬ್ಬುಮೀನು: ಗುರುತು, ಜೀವನಕ್ರಮ ಮತ್ತು ತರಗತಿಯ ಬೋಧನೆ

ಪಾಠದ ಅಗತ್ಯ

ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ಕಡಲತೀರದ ಕನ್ನಡ ಶಾಲೆಗಳಲ್ಲಿ ಮೀನುಗಾರ ಕುಟುಂಬಗಳ ಮಕ್ಕಳು ಕಲಿಯುತ್ತಾರೆ. ಬಲೆಯಲ್ಲಿ ಬಂದ ಮೀನುಗಳಲ್ಲಿ ಯಾವುದು ಮಾರಾಟಕ್ಕೆ, ಯಾವುದು ಮನೆಯ ಅಡುಗೆಗೆ, ಯಾವುದು ಮರಳಿ ಕಡಲಿಗೆ ಎಂಬುದನ್ನು ಅವರಲ್ಲಿ ಹಲವರು ಚಿಕ್ಕಂದಿನಿಂದಲೇ ಬಲ್ಲರು. ಅಕ್ಕಲಕೋಟೆ, ಜತ್ತ, ಆದವಾನಿ, ತಾಳವಾಡಿಗಳಂತಹ ಒಳನಾಡಿನ ಶಾಲೆಗಳ ಸ್ಥಿತಿ ಬೇರೆ. ಅಲ್ಲಿಗೆ ಕಡಲಮೀನು ಮಂಜುಗಡ್ಡೆಯಲ್ಲಿಟ್ಟು, ತುಂಡರಿಸಿ ಅಥವಾ ಒಣಗಿಸಿ ಬರುತ್ತದೆ. ತಲೆ, ಚರ್ಮ, ರೆಕ್ಕೆಗಳಿಲ್ಲದ ಮೀನನ್ನು ಗುರುತಿಸುವುದು ಅನುಭವಿಗಳಿಗೂ ಕಷ್ಟ. 2008ರಲ್ಲಿ ಬಾಂಗ್ಲಾದೇಶದಲ್ಲಿ ಉಬ್ಬುಮೀನಿನ ಊಟದಿಂದ ನೂರಕ್ಕೂ ಹೆಚ್ಚು ಜನರು ಅಸ್ವಸ್ಥರಾದರು; ಅವರಲ್ಲಿ ಕೆಲವರು ಅಸುನೀಗಿದರು. ಆದ್ದರಿಂದ ಈ ಪಾಠವು ಕಡಲತೀರಕ್ಕೂ ಒಳನಾಡಿಗೂ ಸಮಾನವಾಗಿ ಅಗತ್ಯವಾಗಿದೆ.

ಉಬ್ಬುಮೀನುಗಳಲ್ಲಿ ಅನೇಕ ಜಾತಿಗಳಿವೆ. ಅವುಗಳ ಪೈಕಿ ಅತ್ಯಂತ ಅಪಾಯಕಾರಿಯಾದವುಗಳಲ್ಲೊಂದೆಂದು ಹೆಸರಾದ ಲ್ಯಾಗೊಸೆಫಾಲಸ್ ಸ್ಕೆಲೆರಾಟಸ್ ಎಂಬ ಜಾತಿಯನ್ನು ಇಲ್ಲಿ ಮಾದರಿಯಾಗಿ ಆರಿಸಿಕೊಳ್ಳಲಾಗಿದೆ. ಕೆನ್ನೆಯ ಮೇಲಿನ ಬೆಳ್ಳಿಬಣ್ಣದಿಂದಾಗಿ ಇದನ್ನು ಬೆಳ್ಳಿಗೆನ್ನೆಯ ಉಬ್ಬುಮೀನು ಎಂದು ಕರೆಯಬಹುದು.

ಹೆಸರಿನ ಹಿಂದಿನ ಘಟನೆ

1774ರ ಸೆಪ್ಟೆಂಬರಿನಲ್ಲಿ ನಾವಿಕ ಜೇಮ್ಸ್ ಕುಕ್ ತನ್ನ ಎರಡನೆಯ ಮಹಾಯಾನದಲ್ಲಿ ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪವನ್ನು ತಲುಪಿದನು. ಅಲ್ಲಿಯ ನಿವಾಸಿಯೊಬ್ಬನಿಂದ ಹಡಗಿನವರು ಹೊಸಬಗೆಯ ಮೀನೊಂದನ್ನು ಕೊಂಡರು. ನಿಸರ್ಗಶಾಸ್ತ್ರಜ್ಞರಾದ ಯೋಹಾನ್ ಫಾರ್ಸ್ಟರ್ ಮತ್ತು ಅವನ ಮಗ ಗೇಯೋರ್ಗ್ ಅದರ ಚಿತ್ರವನ್ನೂ ವಿವರಣೆಯನ್ನೂ ಸಿದ್ಧಪಡಿಸಬೇಕಾಗಿದ್ದುದರಿಂದ ಹೊತ್ತು ಮೀರಿತು. ಆ ರಾತ್ರಿ ಮೀನಿನ ಪಿತ್ತಜನಕಾಂಗ ಮತ್ತು ಮೊಟ್ಟೆಗಳನ್ನು ಮಾತ್ರ ಬೇಯಿಸಲಾಯಿತು. ಕುಕ್ ಮತ್ತು ಫಾರ್ಸ್ಟರ್ ತಂದೆಮಕ್ಕಳು ಅದನ್ನು ಸ್ವಲ್ಪವೇ ರುಚಿನೋಡಿದರು. ಬೆಳಗಿನ ಜಾವದ ವೇಳೆಗೆ ಮೂವರಿಗೂ ಕೈಕಾಲುಗಳ ಶಕ್ತಿ ಉಡುಗಿತು, ಮೈ ಜೋಮುಹಿಡಿಯಿತು. ನೀರು ತುಂಬಿದ ಪಾತ್ರೆಗೂ ಹಕ್ಕಿಯ ಗರಿಗೂ ಭಾರದ ವ್ಯತ್ಯಾಸವೇ ತನ್ನ ಕೈಗೆ ತಿಳಿಯಲಿಲ್ಲವೆಂದು ಕುಕ್ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ವಾಂತಿಯಾಗಿ ಅವರು ಬದುಕಿಕೊಂಡರು. ಮೀನಿನ ಕರುಳನ್ನು ತಿಂದಿದ್ದ ಹಡಗಿನ ಹಂದಿಯೊಂದು ಮಾತ್ರ ಬೆಳಗಾಗುವಷ್ಟರಲ್ಲಿ ಸತ್ತುಬಿದ್ದಿತ್ತು.

ಮರುದಿನ ಹಡಗಿಗೆ ಬಂದ ದ್ವೀಪವಾಸಿಗಳು ತೂಗುಹಾಕಿದ್ದ ಆ ಮೀನನ್ನು ಕಂಡೊಡನೆ, ಅದು ತಿನ್ನತಕ್ಕುದಲ್ಲವೆಂದು ಸನ್ನೆಯಿಂದ ಸೂಚಿಸಿದರು. ಸ್ಥಳೀಯರಿಗೆ ತಿಳಿದಿದ್ದ ಸಂಗತಿ ಹೊರಗಿನವರಿಗೆ ಸಕಾಲದಲ್ಲಿ ತಲುಪಿರಲಿಲ್ಲ. ಫಾರ್ಸ್ಟರನ ವಿವರಣೆಯನ್ನು ಆಧರಿಸಿ 1789ರಲ್ಲಿ ಜರ್ಮನಿಯ ವಿದ್ವಾಂಸ ಗ್ಮೆಲಿನ್ ಈ ಮೀನಿಗೆ ಶಾಸ್ತ್ರೀಯ ನಾಮವನ್ನು ಪ್ರಕಟಿಸಿದನು. ಲ್ಯಾಟಿನ್ ಭಾಷೆಯಲ್ಲಿ ಸ್ಕೆಲೆರಾಟಸ್ ಎಂದರೆ ದುಷ್ಟ, ಪಾತಕಿ ಎಂದರ್ಥ. ಲ್ಯಾಗೊಸೆಫಾಲಸ್ ಎಂಬುದು ಗ್ರೀಕ್ ಮೂಲದ ಪದ. ಮೊಲದ ತಲೆಯುಳ್ಳದ್ದು ಎಂಬುದು ಅದರ ಅರ್ಥ. ಉಬ್ಬಿದ ಮೂತಿ ಮತ್ತು ಮುಂಚಾಚಿದ ಹಲ್ಲುಗಳು ಈ ಹೋಲಿಕೆಗೆ ಕಾರಣ.

ಗುರುತಿಸುವ ಲಕ್ಷಣಗಳು

ಮೊದಲು ಉಬ್ಬುಮೀನುಗಳ ಇಡೀ ಕುಟುಂಬವನ್ನು, ಬಳಿಕ ಜಾತಿಯನ್ನು ಗುರುತಿಸುವ ಕ್ರಮ ಅನುಕೂಲಕರವಾದುದು. ತಿನ್ನುವವನ ಸುರಕ್ಷತೆಗೆ ಕುಟುಂಬದ ಗುರುತೊಂದೇ ಸಾಕು; ಜಾತಿಯ ಗುರುತು ಅಧ್ಯಯನಕ್ಕೆ ಬೇಕಾಗುತ್ತದೆ.

ಕುಟುಂಬದ ಗುರುತುಗಳು ಹೀಗಿವೆ:

1. ಬಾಯಿಯಲ್ಲಿ ನಾಲ್ಕೇ ಹಲ್ಲುಗಳಿರುವಂತೆ ಕಾಣುತ್ತದೆ. ಮೇಲಿನ ದವಡೆಯಲ್ಲಿ ಎರಡು, ಕೆಳಗಿನ ದವಡೆಯಲ್ಲಿ ಎರಡು ಫಲಕಗಳಿದ್ದು, ಅವು ಕೂಡಿ ಗಿಣಿಯ ಕೊಕ್ಕಿನಂತೆ ತೋರುತ್ತವೆ. ಟೆಟ್ರಾಡಾಂಟಿಡೇ ಎಂಬ ಕುಟುಂಬನಾಮದ ಅರ್ಥವೂ ನಾಲ್ಕು ಹಲ್ಲಿನವು ಎಂದೇ.

2. ಮೈಮೇಲೆ ಸಾಮಾನ್ಯ ಮೀನಿನ ಹುರುಪೆಗಳಿಲ್ಲ. ಚರ್ಮವು ನುಣುಪಾಗಿರುತ್ತದೆ, ಇಲ್ಲವೇ ಅಲ್ಲಲ್ಲಿ ಸಣ್ಣ ಮುಳ್ಳುಗಳಿಂದ ತರಿತರಿಯಾಗಿರುತ್ತದೆ.

3. ಬೆನ್ನಿನ ಮೇಲೆ ಒಂದೇ ಒಂದು ಮೃದುವಾದ ರೆಕ್ಕೆ ಇರುತ್ತದೆ. ಅದು ಬಾಲದ ಸಮೀಪದಲ್ಲಿದ್ದು, ಹೊಟ್ಟೆಯ ಕಡೆಯ ಗುದರೆಕ್ಕೆಗೆ ಹೆಚ್ಚುಕಡಿಮೆ ನೇರವಾಗಿರುತ್ತದೆ. ಬೆನ್ನುರೆಕ್ಕೆಯಲ್ಲಿ ಚುಚ್ಚುವ ಗಟ್ಟಿ ಮುಳ್ಳು ಇರುವುದಿಲ್ಲ.

4. ಹೊಟ್ಟೆಯ ಅಡಿಯಲ್ಲಿ ಸಾಮಾನ್ಯ ಮೀನುಗಳಿಗಿರುವ ಜೋಡಿ ರೆಕ್ಕೆಗಳಿರುವುದಿಲ್ಲ. ದೇಹದೊಳಗೆ ಪಕ್ಕೆಲುಬುಗಳೂ ಇಲ್ಲ.

5. ಕೆಣಕಿದಾಗ ಹೊಟ್ಟೆ ಚೆಂಡಿನಂತೆ ಉಬ್ಬುತ್ತದೆ.

ಬೆಳ್ಳಿಗೆನ್ನೆಯ ಜಾತಿಗೆ ಇವುಗಳ ಜೊತೆಗೆ ಇನ್ನೂ ಕೆಲವು ಗುರುತುಗಳಿವೆ. ಮೈ ನೀಳವಾಗಿರುತ್ತದೆ. ಬೆನ್ನು ಹಸಿರು ಬೆರೆತ ಕಂದು ಅಥವಾ ಬೂದು ಬಣ್ಣದ್ದಾಗಿದ್ದು, ಅದರ ಮೇಲೆ ಹೆಚ್ಚುಕಡಿಮೆ ಒಂದೇ ಗಾತ್ರದ ಕಪ್ಪು ಅಥವಾ ಗಾಢ ಕಂದು ಚುಕ್ಕೆಗಳು ಹರಡಿರುತ್ತವೆ. ಬಾಯಿಯಿಂದ ಬಾಲದವರೆಗೆ ಪಕ್ಕೆಯುದ್ದಕ್ಕೂ ಅಗಲವಾದ ಬೆಳ್ಳಿಯ ಪಟ್ಟೆಯೊಂದು ಹರಿಯುತ್ತದೆ. ಕಣ್ಣಿನ ಮುಂಭಾಗ ಮತ್ತು ಕೆನ್ನೆ ಬೆಳ್ಳಿಯಂತೆ ಹೊಳೆಯುತ್ತವೆ. ಹೊಟ್ಟೆ ಬೆಳ್ಳಗಿರುತ್ತದೆ. ಬಾಲದ ರೆಕ್ಕೆಯ ಅಂಚು ಬಿದಿಗೆಯ ಚಂದ್ರನಂತೆ ಒಳಬಾಗಿರುತ್ತದೆ. ಈ ಜಾತಿ 110 ಸೆಂಟಿಮೀಟರಿನವರೆಗೆ ಬೆಳೆದ ದಾಖಲೆಯಿದೆ; ಸಾಮಾನ್ಯವಾಗಿ ಸಿಗುವ ಮೀನುಗಳು ಅದರ ಅರ್ಧದಷ್ಟಿರುತ್ತವೆ.

ಹೋಲಿಕೆಯಿಂದ ಉಂಟಾಗುವ ಗೊಂದಲವನ್ನೂ ವಿವರಿಸಬೇಕು. ಮುಳ್ಳುಹಂದಿಮೀನು ಕೂಡ ಉಬ್ಬುತ್ತದೆ. ಆದರೆ ಅದರ ಮೈತುಂಬ ಉದ್ದನೆಯ ಮುಳ್ಳುಗಳಿರುತ್ತವೆ ಮತ್ತು ಪ್ರತಿಯೊಂದು ದವಡೆಯ ಹಲ್ಲಿನ ಫಲಕ ನಡುವೆ ಸೀಳಿರುವುದಿಲ್ಲ. ಕರಾವಳಿಯಲ್ಲಿ ಕಾರ್ಗಿಲ್ ಮೀನು ಎಂದು ಕರೆಯಲಾಗುವ ಮೀನಿನ ಬೆನ್ನಿನ ಮೇಲೆ ನೆಟ್ಟಗೆ ನಿಲ್ಲುವ ಗಟ್ಟಿ ಮುಳ್ಳಿದೆ, ಉಬ್ಬುಮೀನಿಗೆ ಅದಿಲ್ಲ.

ಉಬ್ಬುವ ಬಗೆ ಮತ್ತು ಜೀವನಕ್ರಮ

ಉಬ್ಬುಮೀನು ವೇಗವಾಗಿ ಈಜಿ ಪಾರಾಗುವ ಮೀನಲ್ಲ. ಶತ್ರು ಎದುರಾದಾಗ ಅದು ನೀರನ್ನು ಗುಟುಕು ಗುಟುಕಾಗಿ ನುಂಗಿ ಹಿಗ್ಗುವ ಜಠರದಲ್ಲಿ ತುಂಬಿಕೊಳ್ಳುತ್ತದೆ. ತಡೆಯಲು ಪಕ್ಕೆಲುಬುಗಳಿಲ್ಲದಿರುವುದರಿಂದಲೂ ಚರ್ಮಕ್ಕೆ ಹಿಗ್ಗುವ ಗುಣವಿರುವುದರಿಂದಲೂ ಮೈ ಕ್ಷಣಮಾತ್ರದಲ್ಲಿ ಹಲವು ಪಟ್ಟು ದೊಡ್ಡದಾಗುತ್ತದೆ. ಶತ್ರುವಿನ ಬಾಯಿಗೆ ಅದು ಹಿಡಿಸುವುದಿಲ್ಲ. ನೀರಿನಿಂದ ಹೊರತೆಗೆದಾಗ ನೀರಿನ ಬದಲು ಗಾಳಿಯನ್ನು ನುಂಗಿ ಉಬ್ಬುವುದೂ ಉಂಟು. ಉಬ್ಬುವುದಕ್ಕೂ ವಿಷಕ್ಕೂ ನೇರವಾದ ಸಂಬಂಧವಿಲ್ಲವೆಂಬುದನ್ನು ಮಕ್ಕಳಿಗೆ ಒತ್ತಿಹೇಳಬೇಕು. ಉಬ್ಬದೆ ಸತ್ತುಬಿದ್ದ ಮೀನೂ ಅಷ್ಟೇ ವಿಷಕಾರಿ.

ಬೆಳ್ಳಿಗೆನ್ನೆಯ ಉಬ್ಬುಮೀನು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ಬೆಚ್ಚನೆಯ ನೀರಿನ ನಿವಾಸಿ. ಮರಳಿನ ತಳ ಹಾಗೂ ಬಂಡೆಗಳ ಆಸುಪಾಸಿನಲ್ಲಿ ಅದು ವಾಸಿಸುತ್ತದೆ. ಏಡಿ, ಸಿಗಡಿ, ಬೊಂಡಾಸು, ಸಣ್ಣ ಮೀನುಗಳು ಅದರ ಆಹಾರ. ಚಿಪ್ಪನ್ನು ಒಡೆಯಬಲ್ಲ ದವಡೆಗಳು ಗಾಳದ ದಾರವನ್ನೂ ಬಲೆಯನ್ನೂ ಕತ್ತರಿಸಬಲ್ಲವು. ಮನುಷ್ಯನ ಬೆರಳನ್ನು ತುಂಡರಿಸಿದ ಪ್ರಕರಣವೂ ವೈದ್ಯಕೀಯ ಸಾಹಿತ್ಯದಲ್ಲಿ ವರದಿಯಾಗಿದೆ.

ವಿಷದ ಮೂಲ

ಈ ಮೀನಿನಲ್ಲಿರುವ ವಿಷದ ಹೆಸರು ಟೆಟ್ರೊಡೊಟಾಕ್ಸಿನ್. ಜಪಾನಿನ ವಿಜ್ಞಾನಿ ಯೋಶಿಜುಮಿ ತಹಾರಾ 1909ರಲ್ಲಿ ಇದಕ್ಕೆ ಈ ಹೆಸರನ್ನಿಟ್ಟನು. ಇದರ ರಾಸಾಯನಿಕ ರಚನೆ 1964ರಲ್ಲಿ ಸ್ಪಷ್ಟವಾಯಿತು. ಸೋಜಿಗದ ಸಂಗತಿಯೆಂದರೆ, ಈ ವಿಷದ ಮೂಲ ಮೀನಲ್ಲ, ಬ್ಯಾಕ್ಟೀರಿಯಗಳು. ಕಡಲಿನ ಕೆಲವು ಬ್ಯಾಕ್ಟೀರಿಯಗಳು ಉತ್ಪಾದಿಸುವ ವಿಷವು ಆಹಾರ ಸರಪಳಿಯ ಮೂಲಕ ಸಾಗಿ ಮೀನಿನ ದೇಹದಲ್ಲಿ ಸಂಗ್ರಹವಾಗುತ್ತದೆ. ವಿಷರಹಿತ ಆಹಾರವನ್ನೇ ಕೊಟ್ಟು ಸಾಕಿದ ಉಬ್ಬುಮೀನುಗಳಲ್ಲಿ ವಿಷ ಕಂಡುಬರುವುದಿಲ್ಲವೆಂಬುದು ಇದಕ್ಕೆ ಆಧಾರ. ಇದೇ ವಿಷವು ಆಸ್ಟ್ರೇಲಿಯದ ನೀಲಿಯುಂಗುರದ ಅಷ್ಟಪಾದಿಯಲ್ಲಿಯೂ ಅಮೆರಿಕದ ಕೆಲವು ನ್ಯೂಟ್‌ಗಳಲ್ಲಿಯೂ ಕೆಲವು ಏಡಿಗಳಲ್ಲಿಯೂ ಇದೆ.

ಸಾಮಾನ್ಯವಾಗಿ ಪಿತ್ತಜನಕಾಂಗ, ಅಂಡಾಶಯ ಮತ್ತು ಕರುಳುಗಳಲ್ಲಿ ವಿಷದ ಪ್ರಮಾಣ ಅಧಿಕ. ಚರ್ಮದಲ್ಲಿಯೂ ಇರುತ್ತದೆ. ಬೆಳ್ಳಿಗೆನ್ನೆಯ ಜಾತಿಯಲ್ಲಿ ಮಾಂಸದಲ್ಲಿಯೂ ವಿಷ ಪತ್ತೆಯಾಗಿದೆ. ಆದುದರಿಂದ ಒಳಭಾಗಗಳನ್ನು ತೆಗೆದು ಹಾಕಿದರೆ ಮಾಂಸ ಸುರಕ್ಷಿತವೆಂದು ಭಾವಿಸಲಾಗದು. ಋತು, ಪ್ರದೇಶ, ಲಿಂಗ ಹಾಗೂ ಗಾತ್ರಗಳಿಗೆ ಅನುಸಾರವಾಗಿ ವಿಷದ ಪ್ರಮಾಣ ಬದಲಾಗುತ್ತದೆ. ಕಳೆದ ಬಾರಿ ತಿಂದಾಗ ಏನೂ ಆಗಲಿಲ್ಲ ಎಂಬ ಮಾತು ಈ ಬಾರಿಗೆ ಪ್ರಮಾಣವಾಗುವುದಿಲ್ಲ.

ವಿಷವು ದೇಹದಲ್ಲಿ ಮಾಡುವ ಕೆಲಸ

ನರದ ಮೂಲಕ ಸಂದೇಶ ಸಾಗಬೇಕಾದರೆ ನರಕೋಶದ ಹೊದಿಕೆಯಲ್ಲಿರುವ ಸೂಕ್ಷ್ಮ ದ್ವಾರಗಳು ತೆರೆದು, ಸೋಡಿಯಂ ಅಯಾನುಗಳು ಒಳನುಗ್ಗಬೇಕು. ಟೆಟ್ರೊಡೊಟಾಕ್ಸಿನ್ ಅಣುವು ಆ ದ್ವಾರದ ಬಾಯಿಗೆ ಬಿರಡೆಯಂತೆ ಕೂತುಕೊಳ್ಳುತ್ತದೆ. ದ್ವಾರ ಮುಚ್ಚಿದರೆ ಸಂದೇಶ ನಿಲ್ಲುತ್ತದೆ; ಸಂದೇಶ ನಿಂತರೆ ಸ್ನಾಯು ಚಲಿಸುವುದಿಲ್ಲ. ಉಬ್ಬುಮೀನಿನ ಸೋಡಿಯಂ ದ್ವಾರಗಳ ರಚನೆ ಸ್ವಲ್ಪ ಭಿನ್ನವಾಗಿದ್ದು, ವಿಷದ ಅಣು ಅಲ್ಲಿ ಭದ್ರವಾಗಿ ಅಂಟಿಕೊಳ್ಳಲಾರದು. ಆ ಕಾರಣದಿಂದ ಮೀನು ತನ್ನ ವಿಷದಿಂದ ತಾನೇ ಸಾಯುವುದಿಲ್ಲ.

ವಯಸ್ಕನೊಬ್ಬನ ಪ್ರಾಣಕ್ಕೆ 1ರಿಂದ 2 ಮಿಲಿಗ್ರಾಂ ವಿಷ ಸಾಕೆಂದು ಅಂದಾಜಿಸಲಾಗಿದೆ. ಒಂದು ಗ್ರಾಂ ಉಪ್ಪನ್ನು ಸಾವಿರ ಪಾಲು ಮಾಡಿದರೆ ಬರುವ ಒಂದೆರಡು ಪಾಲಿನಷ್ಟು ಇದು. ಊಟವಾದ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ತುಟಿ ಮತ್ತು ನಾಲಗೆ ಜುಮುಗುಟ್ಟತೊಡಗುತ್ತವೆ. ಬಳಿಕ ಮುಖ, ಕೈಕಾಲುಗಳಿಗೆ ಜೋಮು ಹರಡುತ್ತದೆ. ತಲೆನೋವು, ವಾಂತಿ, ನಿಶ್ಶಕ್ತಿ, ಮಾತು ತೊದಲುವಿಕೆ ಕಾಣಿಸಿಕೊಳ್ಳುತ್ತವೆ. ತೀವ್ರವಾದರೆ ಉಸಿರಾಟದ ಸ್ನಾಯುಗಳು ಸ್ತಬ್ಧವಾಗುತ್ತವೆ. ರೋಗಿಯು ಕದಲಲಾರದೆ ಮಲಗಿದ್ದರೂ ಅವನಿಗೆ ಪ್ರಜ್ಞೆ ಇರಬಹುದು. ಸುತ್ತಲಿನವರ ಮಾತು ಕೇಳಿಸುತ್ತಿರಬಹುದು.

ಈ ವಿಷಕ್ಕೆ ಪ್ರತಿವಿಷವಿಲ್ಲ. ಆದರೆ ಚಿಕಿತ್ಸೆಯಿಲ್ಲವೆಂದು ಇದರ ಅರ್ಥವಲ್ಲ. ವಿಷವು ಕ್ರಮೇಣ ದೇಹದಿಂದ ಹೊರಹೋಗುತ್ತದೆ. ಅಲ್ಲಿಯವರೆಗೆ ಯಂತ್ರದ ನೆರವಿನಿಂದ ಉಸಿರಾಟವನ್ನು ಕಾಯ್ದುಕೊಂಡರೆ ರೋಗಿ ಬದುಕುತ್ತಾನೆ. ಮೊದಲ 24 ಗಂಟೆಗಳನ್ನು ದಾಟಿದವರು ಬಹುಮಟ್ಟಿಗೆ ಪೂರ್ಣ ಗುಣಮುಖರಾಗುತ್ತಾರೆ. ಆದ್ದರಿಂದ ತುಟಿ ಜುಮುಗುಟ್ಟಿದೊಡನೆಯೇ 108ಕ್ಕೆ ಕರೆಮಾಡಿ ಉಸಿರಾಟ ಯಂತ್ರವಿರುವ ಆಸ್ಪತ್ರೆಗೆ ಸಾಗಿಸಬೇಕು. ಕಾದು ನೋಡುವುದು, ಮನೆಮದ್ದು ಕೊಡುವುದು ಸಲ್ಲದು. ಉಳಿದ ಮೀನಿನ ತುಂಡನ್ನು ವೈದ್ಯರಿಗೆ ತೋರಿಸಲು ಜೊತೆಗೆ ಒಯ್ಯಬೇಕು. ಅದೇ ಊಟ ಮಾಡಿದ ಉಳಿದವರನ್ನೂ, ಅವರಿಗೆ ಏನೂ ಆಗಿಲ್ಲವೆಂದು ತೋರಿದರೂ, ಪರೀಕ್ಷೆಗೆ ಒಳಪಡಿಸಬೇಕು.

ಸೂಯೆಜ್ ಕಾಲುವೆಯ ದಾರಿ

1869ರಲ್ಲಿ ಸೂಯೆಜ್ ಕಾಲುವೆ ತೆರೆದಾಗ ಕೆಂಪು ಸಮುದ್ರಕ್ಕೂ ಮೆಡಿಟರೇನಿಯನ್ ಸಮುದ್ರಕ್ಕೂ ನೇರ ಸಂಪರ್ಕವೇರ್ಪಟ್ಟಿತು. ಕಾಲುವೆಯ ನಿರ್ಮಾಪಕ ಫರ್ಡಿನಾಂಡ್ ದ ಲೆಸೆಪ್ಸ್‌ನ ಹೆಸರಿನಿಂದ, ಆ ದಾರಿಯಾಗಿ ನಡೆಯುವ ಜೀವಿಗಳ ವಲಸೆಯನ್ನು ಲೆಸೆಪ್ಸಿಯನ್ ವಲಸೆ ಎನ್ನುತ್ತಾರೆ. ಬೆಳ್ಳಿಗೆನ್ನೆಯ ಉಬ್ಬುಮೀನು ಮೆಡಿಟರೇನಿಯನ್ನಿನಲ್ಲಿ ಮೊದಲು ದಾಖಲಾದುದು 2003ರಲ್ಲಿ, ಟರ್ಕಿಯ ಗೋಕೋವಾ ಕೊಲ್ಲಿಯಲ್ಲಿ. ಕೆಲವೇ ವರ್ಷಗಳಲ್ಲಿ ಅದು ಪೂರ್ವ ಮೆಡಿಟರೇನಿಯನ್ನಿನ ಉದ್ದಕ್ಕೂ ಹಬ್ಬಿತು. 2005ರಿಂದ 2008ರ ನಡುವೆ ಇಸ್ರೇಲಿನಲ್ಲಿ 13 ಮಂದಿ ಇದನ್ನು ತಿಂದು ವಿಷಬಾಧೆಗೆ ಒಳಗಾದರು. ಚಿಕಿತ್ಸೆಯಿಂದ ಎಲ್ಲರೂ ಚೇತರಿಸಿಕೊಂಡರು. ಆ ಕಡಲಿನ ಮೀನುಗಾರರು ತಲೆಮಾರುಗಳಿಂದ ಅನುಭವಿಗಳೇ ಆಗಿದ್ದರು. ಆದರೆ ಈ ಮೀನಿನ ಕುರಿತು ಹಿರಿಯರಿಂದ ಬಂದ ಎಚ್ಚರಿಕೆ ಅವರ ಮಾತಿನಲ್ಲಿ ಇರಲಿಲ್ಲ. ಮೀನು ಕಾಲುವೆಯನ್ನು ದಾಟಿತು. ಅದರ ಬಗೆಗಿನ ತಿಳಿವಳಿಕೆ ಅದರೊಡನೆ ದಾಟಲಿಲ್ಲ.

ಅರಬ್ಬೀ ಸಮುದ್ರದ ಸ್ಥಿತಿ

ಕೇರಳ ಮತ್ತು ಕರ್ನಾಟಕದ ಕರಾವಳಿಯಲ್ಲಿ ಇದೇ ಕುಲದ ಲ್ಯಾಗೊಸೆಫಾಲಸ್ ಇನರ್ಮಿಸ್ ಎಂಬ ನುಣುಪು ಬೆನ್ನಿನ ಜಾತಿ ಹೆಚ್ಚಾಗಿ ಟ್ರಾಲ್ ಬಲೆಗಳಿಗೆ ಸಿಗುತ್ತದೆ. ಅದರ ಬೆನ್ನಿನಲ್ಲಿ ಮುಳ್ಳುಗಳಿಲ್ಲ. ಕಿವಿರಿನ ತೆರಪು ಕಪ್ಪಾಗಿರುತ್ತದೆ. ಹಿಂಡುಹಿಂಡಾಗಿ ಬಂದು ಬಲೆಯನ್ನು ಕಡಿಯುವುದರಿಂದಲೂ ಬಲೆಯೊಳಗಿನ ಮೀನುಗಳನ್ನು ತಿನ್ನುವುದರಿಂದಲೂ ಮೀನುಗಾರರಿಗೆ ನಷ್ಟವುಂಟಾಗುತ್ತಿದೆ. ಉಬ್ಬುಮೀನನ್ನು ತಿನ್ನುವ ಕೋಬಿಯಾದಂತಹ ದೊಡ್ಡ ಮೀನುಗಳ ಸಂಖ್ಯೆ ಕುಗ್ಗಿದುದೇ ಕೇರಳದ ಕಡಲಿನಲ್ಲಿ ಈ ಹೆಚ್ಚಳಕ್ಕೆ ಕಾರಣವೆಂದು ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ಪ್ರಕಟವಾದ ಲೇಖನದಲ್ಲಿ ವಾದಿಸಿದ್ದಾರೆ. ಆಹಾರ ಸರಪಳಿಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇರೆ ಬೇಕಿಲ್ಲ.

ನಿವಾರಿಸಬೇಕಾದ ತಪ್ಪು ಕಲ್ಪನೆಗಳು

ಚೆನ್ನಾಗಿ ಬೇಯಿಸಿದರೆ ಅಥವಾ ಹುರಿದರೆ ವಿಷ ನಾಶವಾಗುತ್ತದೆ ಎಂಬುದು ತಪ್ಪು. ಸಾಮಾನ್ಯ ಅಡುಗೆಯ ಶಾಖಕ್ಕೆ ಈ ವಿಷ ಕೆಡುವುದಿಲ್ಲ. ಹುಣಸೆಹುಳಿ, ಅರಸಿನ, ಉಪ್ಪುಗಳಿಂದಲೂ ಅದು ಹೋಗುವುದಿಲ್ಲ. ಒಣಗಿಸಿದ ಮೀನಿನಲ್ಲಿಯೂ ವಿಷ ಉಳಿಯುತ್ತದೆ. ಜಪಾನಿನಲ್ಲಿ ಫುಗು ಎಂಬ ಹೆಸರಿನಿಂದ ಉಬ್ಬುಮೀನನ್ನು ತಿನ್ನುವುದುಂಟು. ಅಲ್ಲಿ ವಿಶೇಷ ತರಬೇತಿ ಪಡೆದು ಪರವಾನಗಿ ಹೊಂದಿದವರು, ಅನುಮತಿಸಲಾದ ಜಾತಿಗಳ ಅನುಮತಿಸಲಾದ ಭಾಗಗಳನ್ನು ಮಾತ್ರ ಸಿದ್ಧಪಡಿಸುತ್ತಾರೆ. ನಮ್ಮ ಮನೆಗಳಲ್ಲಿ ಅದನ್ನು ಅನುಕರಿಸುವ ಮಾತೇ ಇಲ್ಲ.

ಭಾಷೆಗೆ ಸಂಬಂಧಿಸಿದ ಎರಡು ವಿಚಾರಗಳು

ಮೊದಲನೆಯದು ವಿಷ ಎಂಬ ಪದ. ಹಾವು ಕಚ್ಚಿದಾಗ ಏರುವುದನ್ನೂ ತೊರಕೆಮೀನಿನ ಬಾಲದ ಮುಳ್ಳು ಚುಚ್ಚಿದಾಗ ಆಗುವುದನ್ನೂ ಕಾಡುಬೀಜ ತಿಂದಾಗ ಆಗುವುದನ್ನೂ ಕನ್ನಡದಲ್ಲಿ ನಾವು ವಿಷ ಅಥವಾ ನಂಜು ಎಂಬ ಒಂದೇ ಮಾತಿನಿಂದ ಹೇಳುತ್ತೇವೆ. ಉಬ್ಬುಮೀನು ಕಚ್ಚಿದರೆ ಗಾಯವಾಗುತ್ತದೆ, ವಿಷವೇರುವುದಿಲ್ಲ, ತಿಂದರೆ ವಿಷ. ಈ ವ್ಯತ್ಯಾಸವನ್ನು ತಿಂದರೆ ವಿಷ, ಚುಚ್ಚಿದರೆ ವಿಷ ಎಂಬ ಎರಡು ಅಂಕಣಗಳಲ್ಲಿ ಹಲಗೆಯ ಮೇಲೆ ಬರೆದು, ಮಕ್ಕಳಿಂದಲೇ ಉದಾಹರಣೆಗಳನ್ನು ತುಂಬಿಸಬಹುದು.

ಎರಡನೆಯದು ಮೀನಿನ ಹೆಸರು. ಪಠ್ಯದಲ್ಲಿ ಉಬ್ಬುಮೀನು ಎಂದಿರುವುದು ಬಂದರಿನ ಮಲಯಾಳದಲ್ಲಿ ಪೇತ್ತ ಎಂದಾಗಿರುತ್ತದೆ. ತುಳುವಿನಲ್ಲಿ, ಬ್ಯಾರಿಭಾಷೆಯಲ್ಲಿ, ಕೊಂಕಣಿಯಲ್ಲಿ ಮನೆಮನೆಗೆ ಬೇರೆ ಹೆಸರಿರಬಹುದು. ತರಗತಿಯಲ್ಲಿ ಕಲಿತ ಎಚ್ಚರಿಕೆಯು ಕನ್ನಡದ ಹೆಸರಿಗೆ ಮಾತ್ರ ಅಂಟಿಕೊಂಡು, ಮೀನಿನ ಬುಟ್ಟಿಯ ಮುಂದೆ ನಿಂತ ಮಗುವಿಗೆ ನೆನಪಾಗದೆ ಹೋದರೆ ಪಾಠ ವಿಫಲವಾದಂತೆಯೇ. ಆದ್ದರಿಂದ ಮಕ್ಕಳು ಮನೆಯ ಹಿರಿಯರನ್ನು ಕೇಳಿ ತಂದ ಹೆಸರುಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಸೇರಿಸಿ, ಅದರ ಪಕ್ಕದಲ್ಲಿ ಮೀನಿನ ಚಿತ್ರವನ್ನು ಅಂಟಿಸಿ, ತರಗತಿಯ ಗೋಡೆಯಲ್ಲಿ ತೂಗುಹಾಕಬೇಕು. ಹೀಗೆ ಸಂಗ್ರಹಿಸುವಾಗ ಯಾವ ಮನೆಯ ಹೆಸರನ್ನೂ ತಪ್ಪೆಂದು ತಿದ್ದಬಾರದು. ಒಳನಾಡಿನ ಶಾಲೆಗಳಲ್ಲಿ, ಗುರುತಿಸಲಾಗದ ಕಡಲಮೀನಿನ ತುಂಡನ್ನೂ ಹೆಸರು ತಿಳಿಯದ ಒಣಮೀನನ್ನೂ ಕೊಳ್ಳಬಾರದೆಂಬ ಒಂದೇ ನಿಯಮವನ್ನು ಮನದಟ್ಟು ಮಾಡಿದರೆ ಸಾಕು.

ತರಗತಿಯ ಚಟುವಟಿಕೆ

ಯಾವ ಕಾರಣಕ್ಕೂ ಉಬ್ಬುಮೀನನ್ನು ಮಾದರಿಯೆಂದು ಶಾಲೆಗೆ ತರಿಸಬಾರದು. ಅದನ್ನು ಕೊಯ್ದು ತೋರಿಸಲೂ ಬಾರದು. ಚಿತ್ರಗಳನ್ನೇ ಬಳಸಬೇಕು. ಬಂಗುಡೆ, ಬೂತಾಯಿ, ಕಾರ್ಗಿಲ್ ಮೀನು, ಮುಳ್ಳುಹಂದಿಮೀನು ಮತ್ತು ಉಬ್ಬುಮೀನುಗಳ ಚಿತ್ರಗಳನ್ನು ಗುಂಪುಗಳಿಗೆ ಹಂಚಿ, ಹೌದು ಅಥವಾ ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳಿಂದ ವಿಂಗಡಿಸಲು ಹೇಳಬಹುದು. ಹುರುಪೆಗಳಿವೆಯೇ? ಬೆನ್ನಿನಲ್ಲಿ ಗಟ್ಟಿ ಮುಳ್ಳಿದೆಯೇ? ಬೆನ್ನುರೆಕ್ಕೆ ಒಂದೇ ಇದ್ದು ಬಾಲದ ಬಳಿಯಲ್ಲಿದೆಯೇ? ಹಲ್ಲು ನಾಲ್ಕು ಫಲಕಗಳಾಗಿ ಕೂಡಿದೆಯೇ? ವರ್ಗೀಕರಣದ ಕ್ರಮವನ್ನು ಇದರಿಂದ ಸಹಜವಾಗಿ ಕಲಿಸಿದಂತಾಗುತ್ತದೆ.

ಮೌಲ್ಯಮಾಪನದ ಪ್ರಶ್ನೆಗಳು

1. ಉಬ್ಬುಮೀನಿನ ವಿಷ ಉಬ್ಬುಮೀನನ್ನೇ ಕೊಲ್ಲುವುದಿಲ್ಲವೇಕೆ?

2. ಒಂದೇ ಜಾತಿಯ ಎರಡು ಮೀನುಗಳಲ್ಲಿ ವಿಷದ ಪ್ರಮಾಣ ಬೇರೆಬೇರೆಯಾಗಿರಲು ಕಾರಣಗಳೇನು?

3. ಪ್ರತಿವಿಷವಿಲ್ಲದಿದ್ದರೂ ರೋಗಿಯನ್ನು ಬೇಗನೆ ಆಸ್ಪತ್ರೆಗೆ ಸೇರಿಸುವುದರಿಂದ ಪ್ರಯೋಜನವೇನು?

4. ದೊಡ್ಡ ಮೀನುಗಳ ಸಂಖ್ಯೆ ಕುಗ್ಗಿದರೆ ಮೀನುಗಾರನ ಬಲೆಗೆ ಹಾನಿಯಾಗುವುದು ಹೇಗೆ?

5. ನಿಮ್ಮ ಮನೆಯಲ್ಲಿ ಈ ಮೀನನ್ನು ಏನೆಂದು ಕರೆಯುತ್ತಾರೆ? ಅದನ್ನು ತಿನ್ನಬಾರದೆಂಬುದನ್ನು ನಿಮ್ಮ ಮನೆಮಾತಿನಲ್ಲಿ ಮೂರು ವಾಕ್ಯಗಳಲ್ಲಿ ಹೇಳಿರಿ.

ಕೊನೆಯ ಪ್ರಶ್ನೆಯನ್ನು ಬರವಣಿಗೆಯಲ್ಲಿ ಅಲ್ಲದೆ ಮೌಖಿಕವಾಗಿಯೇ ಕೇಳುವುದು ಉಚಿತ. ಕನ್ನಡದಲ್ಲಿ ಕಲಿತುದನ್ನು ಮನೆಮಾತಿನಲ್ಲಿ ತಡವರಿಸದೆ ಹೇಳಬಲ್ಲ ಮಗು, ಅಡುಗೆಯ ಒಲೆ ಹೊತ್ತುವ ಮೊದಲೇ ಆ ಎಚ್ಚರಿಕೆಯನ್ನು ಮನೆಯವರಿಗೆ ತಲುಪಿಸಬಲ್ಲದು.